ಟ್ರಸ್ಟೆಡ್ ಫರ್ಮ್‌ವೇರ್-ಎ: ಸುರಕ್ಷಿತ ಬೂಟ್ ಪರೀಕ್ಷಿಸುವ ಬಗೆ

ಸುರಕ್ಷಿತ ಬೂಟ್ ಎಂದರೆ ಸಾಧನ ಆರಂಭವಾಗುವಾಗ ಪ್ರತಿ ಹಂತವೂ ಮುಂದಿನ ಹಂತದ ಡಿಜಿಟಲ್ ಸಹಿಯನ್ನು ಪರಿಶೀಲಿಸಿಯೇ ಅದನ್ನು ಓಡಿಸುವುದು. ಆರ್ಮ್ ಪ್ರೊಸೆಸರ್‌ಗಳ ಈ ಓಪನ್ ಸೋರ್ಸ್ ಫರ್ಮ್‌ವೇರನ್ನು ಮೊದಲು ಯಂತ್ರಾಂಶವನ್ನು ಅನುಕರಿಸುವ ಕ್ಯೂಎಮು ಎಮ್ಯುಲೇಟರಿನಲ್ಲಿ ಓಡಿಸಿ ನೋಡುವುದು ಒಳಿತು. ಸೋರ್ಸ್ ಕೋಡಿನೊಂದಿಗೆ ಗೂಢಲಿಪೀಕರಣದ ಎಂಬೆಡ್ ಟಿಎಲ್‌ಎಸ್ ಲೈಬ್ರರಿಯನ್ನೂ ಇಳಿಸಿಕೊಂಡು, ಬಿಲ್ಡ್ ಮಾಡುವಾಗ ಟ್ರಸ್ಟೆಡ್ ಬೋರ್ಡ್ ಬೂಟ್ ಮತ್ತು ಪ್ರಮಾಣಪತ್ರ ಸೃಷ್ಟಿಯ ಆಯ್ಕೆಗಳೆರಡಕ್ಕೂ 1 ಎಂಬ ಮೌಲ್ಯ ಕೊಡಿ. ಮೊದಲನೆಯ ಆಯ್ಕೆಯನ್ನು ಕೊಡದಿದ್ದರೆ ಯಾವ ಸಹಿಯ ಪರಿಶೀಲನೆಯೂ ಇಲ್ಲದೆ ಎಲ್ಲವೂ ಲೋಡ್ ಆಗಿಬಿಡುತ್ತದೆ.

ಬೂಟ್‌ನ ಹಂತಗಳಿಗೆ ಬಿಎಲ್ (ಬೂಟ್ ಲೋಡರ್) ಎಂಬ ಹೆಸರು. ಮೊದಲನೆಯದಾದ ಬಿಎಲ್1 ಹಂತವು ಬಿಎಲ್2 ಅನ್ನು ಪರಿಶೀಲಿಸುತ್ತದೆ. ಬಿಎಲ್2 ಹಂತವು, ಬೂಟ್ ಮುಗಿದ ಮೇಲೂ ಇಎಲ್3 ಎಂಬ ಅತ್ಯುನ್ನತ ಅಧಿಕಾರದ ಮಟ್ಟದಲ್ಲಿ ಉಳಿದು ಪಿಎಸ್‌ಸಿಐ (ಪ್ರೊಸೆಸರ್‌ನ ವಿದ್ಯುತ್ ನಿಯಂತ್ರಣದ) ಕರೆಗಳಿಗೆ ಉತ್ತರಿಸುವ ಬಿಎಲ್31 ಅನ್ನೂ, ಬಿಎಲ್33 ಸ್ಥಾನದಲ್ಲಿದ್ದು ಆಪರೇಟಿಂಗ್ ಸಿಸ್ಟಮ್ ಲೋಡ್ ಮಾಡುವ ಯು-ಬೂಟನ್ನೂ ಪರಿಶೀಲಿಸುತ್ತದೆ. ಯಶಸ್ವಿ ಬೂಟ್ ಏನನ್ನೂ ಸಾಬೀತುಪಡಿಸುವುದಿಲ್ಲವಾದ್ದರಿಂದ, ಸಹಿಯಾದ ಎಫ್‌ಐಪಿ (ಫರ್ಮ್‌ವೇರ್ ಭಾಗಗಳ ಕಟ್ಟು) ಕಡತದೊಳಗಿನ ಯು-ಬೂಟ್ ಭಾಗದಲ್ಲಿ ಬೇಕೆಂದೇ ಒಂದು ಬೈಟ್ ಬದಲಿಸಿ: ಬೂಟ್ ಬಿಎಲ್2ರಲ್ಲೇ ನಿಲ್ಲಬೇಕು.

ನಿಜವಾದ ಉತ್ಪನ್ನಕ್ಕೆ ಸೋರ್ಸ್ ಕೋಡಿನ ಜೊತೆಗೇ ಬರುವ, ಸಹಿ ಹಾಕುವ ಡೆವಲಪ್‌ಮೆಂಟ್ ಕೀ ಸಲ್ಲದು, ಅದರ ಖಾಸಗಿ ಭಾಗ ಜಗಜ್ಜಾಹೀರು. ನಿಮ್ಮದೇ ಸಾರ್ವಜನಿಕ ಕೀಯ ಹ್ಯಾಶನ್ನು (ಬೆರಳಚ್ಚಿನಂಥ ಕಿರು ಗುರುತು) ಚಿಪ್ಪಿನ ಶಾಶ್ವತ ಸ್ಮೃತಿಯಾದ ಫ್ಯೂಸ್‌ಗಳಿಗೆ ಬರೆಯುವ ಮುನ್ನ ಎರಡು ಬಾರಿ ತಾಳೆ ನೋಡಿ. ಒಮ್ಮೆ ಸುಟ್ಟ ಫ್ಯೂಸನ್ನು ಹಿಂದಿನಂತೆ ಮಾಡಲಾಗದು.