ಸೋಲುತ್ತಿದ್ದ ಹಾಕಿ ತಂಡಕ್ಕೆ ನಾವು ಕೋಚ್ ಹುಡುಕಿದ ಬಗೆ

ದಾವಣಗೆರೆಯ ನಮ್ಮ ಹಾಕಿ ಕ್ಲಬ್ ಆಟಗಾರರಿಗೆ ತಿಂಗಳ ಸಂಬಳ ಕೊಟ್ಟು ತಂಡ ನಡೆಸುವ ಕ್ಲಬ್. ಅಕ್ಕಿ ಗಿರಣಿಯವರು, ಮೆಕ್ಕೆಜೋಳದ ವರ್ತಕರು, ಒಂದಿಬ್ಬರು ವೈದ್ಯರು ಸೇರಿ ಕೊಡುವ ಹಣದಿಂದ ಅದು ನಡೆಯುತ್ತದೆ. ನಾನು ಅದರ ಕಾರ್ಯದರ್ಶಿ. ಈ ಊರಿಗೆ ಕುಸ್ತಿಯ ಹೆಸರು ಹಳೆಯದು. ಹಾಕಿಗೆ ಮಾತ್ರ ಕೊಡಗಿನಲ್ಲಿರುವಂತಹ ನೆಲೆ ಇಲ್ಲಿಲ್ಲ. ಅಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದಲ್ಲಿ ಮನೆತನಗಳೇ ತಂಡ ಕಟ್ಟಿಕೊಂಡು ಕಣಕ್ಕಿಳಿಯುತ್ತವೆ. ನಾವು ಹರಿಹರ, ಜಗಳೂರು, ಚಳ್ಳಕೆರೆ ಕಡೆಯ ಶಾಲಾ ಮೈದಾನಗಳಿಂದ ಹುಡುಗರನ್ನು ಆರಿಸಿ ತಂದು, ಊಟ ವಸತಿ ಕೊಟ್ಟು, ಬೆಂಗಳೂರಿನ ಲೀಗ್ ಪಂದ್ಯಗಳಿಗೆ ಸಿದ್ಧಪಡಿಸುತ್ತೇವೆ. ಆ ತಂಡ ಸತತವಾಗಿ ಸೋತು ಕೆಳಗಿನ ದರ್ಜೆಗೆ ಇಳಿಯುವ ಅಂಚಿಗೆ ಬಂದಾಗ ಹೊಸ ಮುಖ್ಯ ತರಬೇತುದಾರರನ್ನು ನೇಮಿಸುವ ಹೊಣೆ ನನ್ನ ಮೇಲೆ ಬಿತ್ತು. ಇಂಥದೇ ಹೊಣೆ ಹೊತ್ತ ಬೇರೆ ಊರಿನ ಕ್ಲಬ್‌ಗಳಿಗೆ ಉಪಯೋಗವಾದೀತೆಂದು, ಆ ಕೆಲಸವನ್ನು ಹೇಗೆ ಮಾಡಿದೆವೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸಮಿತಿಯ ಮೊದಲ ಸಭೆಯಲ್ಲಿಯೇ ನಾಲ್ಕಾರು ಹೆಸರುಗಳು ಕೇಳಿಬಂದವು. ಹೆಸರು ಆಮೇಲೆ ನೋಡೋಣ, ತಂಡ ಸೋಲುತ್ತಿರುವುದು ಎಲ್ಲಿ ಎಂಬುದನ್ನು ಮೊದಲು ತಿಳಿಯೋಣ ಎಂದು ನಾನು ಹಟ ಹಿಡಿದೆ. ಹಿಂದಿನ ಪಂದ್ಯಗಳ ಸ್ಕೋರ್ ಹಾಳೆಗಳನ್ನೂ ಹುಡುಗರು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡಿದ್ದ ದೃಶ್ಯಗಳನ್ನೂ ಮುಂದಿಟ್ಟುಕೊಂಡು, ಹಿರಿಯ ಆಟಗಾರರಿಬ್ಬರ ಜೊತೆ ಕುಳಿತು ನೋಡಿದಾಗ ಎರಡು ಸಂಗತಿಗಳು ಸ್ಪಷ್ಟವಾದವು. ನಮ್ಮ ಮೇಲೆ ಬಿದ್ದ ಗೋಲುಗಳಲ್ಲಿ ಹೆಚ್ಚಿನವು ಕೊನೆಯ ಹದಿನೈದು ನಿಮಿಷಗಳಲ್ಲಿ ಬಿದ್ದಿದ್ದವು. ಹಾಕಿಯಲ್ಲಿ ಆಟ ನಿಲ್ಲಿಸದೆಯೇ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದಾದರೂ ನಮ್ಮವರು ಮುಂಚೂಣಿಯ ಅದೇ ಮೂವರನ್ನು ಮೂರನೆಯ ಕ್ವಾರ್ಟರ್ (ಹದಿನೈದು ನಿಮಿಷಗಳ ನಾಲ್ಕು ಭಾಗಗಳಲ್ಲಿ ಮೂರನೆಯದು) ಮುಗಿಯುವವರೆಗೆ ಓಡಿಸಿ ದಣಿಸುತ್ತಿದ್ದರು. ಎರಡನೆಯದು ಪೆನಾಲ್ಟಿ ಕಾರ್ನರ್, ಅಂದರೆ ಎದುರಾಳಿ ತನ್ನ ಗೋಲಿನ ಬಳಿ ತಪ್ಪು ಮಾಡಿದಾಗ ನಮಗೆ ಸಿಗುವ ಹೊಡೆತ. ಅವಕಾಶಗಳು ನಮಗೆ ಬೇಕಾದಷ್ಟು ಸಿಗುತ್ತಿದ್ದವು, ಗೋಲು ಮಾತ್ರ ಆಗುತ್ತಿರಲಿಲ್ಲ. ಆದ್ದರಿಂದ ನಮಗೆ ಬೇಕಾಗಿದ್ದವರು ಹೊಸ ಹುಡುಗರನ್ನು ಕರೆತರುವ ಕೋಚ್ ಅಲ್ಲ; ಇರುವ ಹುಡುಗರ ದುಡಿಮೆಯನ್ನು ಅರವತ್ತು ನಿಮಿಷಗಳಿಗೆ ಹಂಚಬಲ್ಲವರು, ಕಾರ್ನರ್ ಹೊಡೆತವನ್ನು ಬಿಡಿಬಿಡಿಯಾಗಿ ಬಿಚ್ಚಿ ಕಲಿಸಬಲ್ಲವರು ಬೇಕಾಗಿದ್ದರು. ಅಷ್ಟು ತಿಳಿದ ಮೇಲೆ, ಸಭೆಯಲ್ಲಿ ಕೇಳಿಬಂದ ಹೆಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ತಾವಾಗಿಯೇ ಬಿದ್ದುಹೋದವು.

ಹೊರಡುತ್ತಿದ್ದ ತರಬೇತುದಾರರ ಜೊತೆ ಮಾತನಾಡುವುದನ್ನು ಅನೇಕ ಕ್ಲಬ್‌ಗಳು ಬಿಟ್ಟುಬಿಡುತ್ತವೆ. ನಾವು ಬಿಡಲಿಲ್ಲ. ಅವರ ಬಾಕಿ ಸಂಬಳವನ್ನು ಪೂರ್ತಿ ಚುಕ್ತಾ ಮಾಡಿ, ಅವರ ಮನೆಗೇ ಹೋಗಿ ಕೇಳಿದೆವು. ಹನ್ನೊಂದು ಜನರ ಪಟ್ಟಿಯನ್ನು ತಾವು ಬರೆದ ಮೇಲೆ ಪಂದ್ಯದ ಹಿಂದಿನ ರಾತ್ರಿ ಸಮಿತಿಯ ಕೆಲವರಿಂದ ಫೋನ್ ಬರುತ್ತಿತ್ತು ಎಂದು ಅವರು ಯಾವ ಕಹಿಯೂ ಇಲ್ಲದೆ ಹೇಳಿದರು. ಆ ಮಾತು ನಮ್ಮ ಮುಂದಿನ ಎಲ್ಲ ತೀರ್ಮಾನಗಳಿಗೂ ತಳಹದಿಯಾಯಿತು. ಕೋಚ್ ಎಷ್ಟೇ ಸಮರ್ಥರಾಗಿರಲಿ, ತಂಡದ ಆಯ್ಕೆ ಅವರ ಕೈಯಲ್ಲಿಲ್ಲದಿದ್ದರೆ ನೇಮಕದ ಕಾಗದಕ್ಕೆ ಬೆಲೆಯಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ದೇಶದ ತಂಡದ ಚರಿತ್ರೆಯನ್ನು ನೋಡಿದರೂ ಇದೇ ಕಾಣುತ್ತದೆ. 2015ರ ಆರಂಭದಲ್ಲಿ ಕೋಚ್ ಆಗಿ ಬಂದ ಪಾಲ್ ವ್ಯಾನ್ ಆಸ್ ಅದೇ ವರ್ಷದ ಜುಲೈ ಹೊತ್ತಿಗೆ ಹುದ್ದೆಯಲ್ಲಿರಲಿಲ್ಲ. ಅಷ್ಟು ಅವಧಿಯಲ್ಲಿ ಯಾವ ತಂಡವೂ ಒಂದು ಪದ್ಧತಿಯನ್ನು ಮೈಗೂಡಿಸಿಕೊಳ್ಳಲಾರದು. 2019ರಲ್ಲಿ ಬಂದ ಗ್ರಹಾಂ ರೀಡ್ ಅವರಿಗೆ ಸಮಯ ಸಿಕ್ಕಿತು, ಟೋಕಿಯೊದಲ್ಲಿ ನಲವತ್ತೊಂದು ವರ್ಷಗಳ ನಂತರ ಒಲಿಂಪಿಕ್ ಪದಕ ಬಂತು. 2023ರ ಜನವರಿಯಲ್ಲಿ ತವರು ನೆಲದ ವಿಶ್ವಕಪ್‌ನಲ್ಲಿ ಭಾರತ ಕ್ವಾರ್ಟರ್ ಫೈನಲ್ ತಲುಪದೆ ಹೋದಾಗ ಅವರು ರಾಜೀನಾಮೆ ಕೊಟ್ಟರು. ಅವರ ನಂತರ ಬಂದ ಕ್ರೇಗ್ ಫುಲ್ಟನ್, ಬೆಲ್ಜಿಯಂ ತಂಡದ ಸಹಾಯಕ ತರಬೇತುದಾರರಾಗಿ ಕೆಲಸ ಮಾಡಿದವರು, ಮೊದಲು ರಕ್ಷಣೆಯನ್ನು ಬಿಗಿಗೊಳಿಸಿ ಅದರ ಮೇಲೆ ಗೆಲುವನ್ನು ಕಟ್ಟುವುದೇ ತಮ್ಮ ದಾರಿ ಎಂದು ಆರಂಭದಲ್ಲಿಯೇ ಹೇಳಿದರು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ, 2024ರಲ್ಲಿ ಪ್ಯಾರಿಸ್‌ನಲ್ಲಿ ಕಂಚು ಬಂದವು. ಸಮಿತಿಯ ಮುಂದೆ ನಾನು ಇದನ್ನೆಲ್ಲ ಹೇಳಿದ್ದು, ಬರುವವರು ತಮ್ಮ ದಾರಿ ಯಾವುದೆಂದು ಮೊದಲ ದಿನವೇ ಹೇಳಬೇಕು, ಆ ದಾರಿಯಲ್ಲಿ ನಡೆಯಲು ನಾವು ಅವಕಾಶ ಕೊಡಬೇಕು ಎಂಬುದನ್ನು ಒಪ್ಪಿಸುವುದಕ್ಕಾಗಿ.

ಪ್ರಕಟಣೆಯಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಡಿಪ್ಲೊಮಾ ಅಥವಾ ಹಾಕಿ ಇಂಡಿಯಾದ ತರಬೇತುದಾರರ ಕೋರ್ಸ್ ಮುಗಿಸಿರಬೇಕು ಎಂದು ಕೇಳಿದೆವು. ದೊಡ್ಡ ಆಟಗಾರರಾಗಿರಬೇಕೆಂಬ ಷರತ್ತು ಹಾಕಲಿಲ್ಲ. ಎಂ.ಪಿ. ಗಣೇಶ್ ಅವರಂತೆ ದೇಶದ ನಾಯಕರಾಗಿ ಆಡಿ ಆಮೇಲೆ ತರಬೇತಿಯಲ್ಲಿಯೂ ಹೆಸರು ಮಾಡಿದವರು ನಮ್ಮ ರಾಜ್ಯದಲ್ಲಿಯೇ ಇದ್ದಾರೆ, ಆದರೆ ಆ ಎರಡೂ ಒಬ್ಬರಲ್ಲಿ ಕೂಡುವುದು ಅಪರೂಪ.

ಅರ್ಜಿಗಳಲ್ಲಿ ಕೆಲವನ್ನು ಆರಿಸಿದ ಮೇಲೆ ಫೋನ್ ವಿಚಾರಣೆ ಆರಂಭಿಸಿದೆ. ಅರ್ಜಿದಾರರು ತಾವೇ ಕೊಟ್ಟ ಹೆಸರುಗಳಿಂದ ಹೊಗಳಿಕೆಯ ಹೊರತು ಬೇರೇನೂ ಸಿಗುವುದಿಲ್ಲ. ಅವರ ಹಿಂದಿನ ತಂಡಗಳಲ್ಲಿ ಹೆಚ್ಚಾಗಿ ಬೆಂಚಿನ ಮೇಲೆಯೇ ಕುಳಿತಿದ್ದ ಹುಡುಗರನ್ನು ಹುಡುಕಿ ಕೇಳಿದೆ. ಅವಕಾಶ ಸಿಗದ ಹುಡುಗನೊಬ್ಬ, "ಸರ್, ನನ್ನನ್ನ ಯಾಕೆ ಆಡಿಸಲ್ಲ ಅಂತ ಅವರೇ ಕೂರಿಸ್ಕೊಂಡು ಹೇಳಿದ್ರು, ಏನು ಸುಧಾರಿಸ್ಕೋಬೇಕು ಅಂತಾನೂ ಹೇಳಿದ್ರು" ಎಂದರೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ. ಒಬ್ಬ ಅರ್ಜಿದಾರರ ಬಗ್ಗೆ ಇಂಥ ಮಾತು ಬೇರೆಬೇರೆ ಬಾಯಿಗಳಿಂದ ಬಂತು. ಅವರು ಸೇನೆಯ ತಂಡದಲ್ಲಿ ಹಾಫ್‌ಬ್ಯಾಕ್ ಆಗಿ ಆಡಿ ನಿವೃತ್ತರಾದವರು, ಮಾತು ಕಡಿಮೆ.

ನೇಮಕದಲ್ಲಿ ನಮಗೆ ಅತ್ಯಂತ ನೆರವಾದದ್ದು ಸಂದರ್ಶನದ ಕೋಣೆಯಲ್ಲ, ಮೈದಾನ. ಕೊನೆಯ ಹಂತಕ್ಕೆ ಬಂದ ಪ್ರತಿಯೊಬ್ಬರಿಗೂ ಪ್ರಯಾಣದ ಖರ್ಚು, ವಸತಿ ಕೊಟ್ಟು ಕರೆಸಿ, ಬೆಳಿಗ್ಗೆ ನಮ್ಮ ಹುಡುಗರಿಗೆ ಅಭ್ಯಾಸ ಮಾಡಿಸಲು ಹೇಳಿ, ನಾವು ಬದಿಯಲ್ಲಿ ಕುಳಿತೆವು. ಪೆನಾಲ್ಟಿ ಕಾರ್ನರ್ ಸರಿಪಡಿಸಿ ಎಂಬುದೊಂದೇ ಎಲ್ಲರಿಗೂ ಕೊಟ್ಟ ಕೆಲಸ. ಓದುಗರಲ್ಲಿ ಹಾಕಿಯ ಒಳಗು ತಿಳಿಯದವರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಒಬ್ಬನು ಗೋಲು ಕಂಬದಿಂದ ಕನಿಷ್ಠ 10 ಮೀಟರ್ ದೂರದಲ್ಲಿ ಅಂಕಣದ ಹಿಂಬದಿಯ ಗೆರೆಯ ಮೇಲೆ ಚೆಂಡಿಟ್ಟು, ಒಂದು ಕಾಲನ್ನಾದರೂ ಅಂಕಣದ ಹೊರಗಿಟ್ಟುಕೊಂಡು, ಗೋಲಿನ ಮುಂದಿನ 'ಡಿ' ವೃತ್ತದ ಹೊರಗೆ ತಳ್ಳುತ್ತಾನೆ. ಇನ್ನೊಬ್ಬ ಅದನ್ನು ಸ್ಟಿಕ್ಕಿನಿಂದ ನಿಲ್ಲಿಸುತ್ತಾನೆ, ಮೂರನೆಯವನು ವೃತ್ತದೊಳಕ್ಕೆ ಎಳೆದುಕೊಂಡು ಗೋಲಿನತ್ತ ಎಸೆಯುತ್ತಾನೆ. ರಕ್ಷಣೆಗೆ ಗೋಲ್‌ಕೀಪರ್ ಸೇರಿ ಐದು ಜನರಿಗೆ ಮಾತ್ರ ಅವಕಾಶ. ಮೊದಲ ಹೊಡೆತ ಬೀಸಿ ಹೊಡೆದದ್ದಾದರೆ ಚೆಂಡು 460 ಮಿಲಿಮೀಟರ್ ಎತ್ತರದ ಹಲಗೆಯ ಮಟ್ಟದಲ್ಲಿಯೇ ಗೋಲಿನ ಸಾಲನ್ನು ದಾಟಬೇಕು. ಎಳೆದು ಎಸೆಯುವ ಡ್ರ್ಯಾಗ್ ಫ್ಲಿಕ್‌ಗೆ ಆ ಮಿತಿಯಿಲ್ಲ. ಆದ್ದರಿಂದಲೇ ಎಲ್ಲರ ಕಣ್ಣೂ ಎಸೆಯುವವನ ಮೇಲಿರುತ್ತದೆ.

ಬಂದವರಲ್ಲಿ ಬಹುತೇಕರು ನೇರವಾಗಿ ನಮ್ಮ ಫ್ಲಿಕ್ ಮಾಡುವ ಹುಡುಗನ ಪಕ್ಕಕ್ಕೆ ಹೋಗಿ ನಿಂತು ಅವನ ಸೊಂಟದ ತಿರುವು, ಹೆಜ್ಜೆಯ ಉದ್ದ ತಿದ್ದತೊಡಗಿದರು. ಸೇನೆಯಿಂದ ಬಂದವರು ಮಾತ್ರ ಚೆಂಡು ತಳ್ಳುವವನ ಹಿಂದೆ ಹೋಗಿ, ಏನೂ ಹೇಳದೆ ಬಹಳ ಹೊತ್ತು ನೋಡುತ್ತ ನಿಂತರು. ಆಮೇಲೆ ಕುಳಿತು ಅವನ ಎಡಗಾಲಿನ ಹೆಬ್ಬೆರಳಿನ ದಿಕ್ಕನ್ನು ಕೈಯಿಂದ ತುಸು ತಿರುಗಿಸಿದರು. ಅದುವರೆಗೆ ಅವನ ತಳ್ಳು ಪ್ರತಿ ಸಲವೂ ಒಂದೊಂದು ಜಾಗಕ್ಕೆ ಹೋಗುತ್ತಿತ್ತು; ನಿಲ್ಲಿಸುವವನು ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ಸರಿದು ಸ್ಟಿಕ್ ಹಾಕುವಷ್ಟರಲ್ಲಿ ಚೆಂಡು ಪುಟಿದು ಹೋಗುತ್ತಿತ್ತು. ಫ್ಲಿಕ್ ಮಾಡುವ ಹುಡುಗನ ತಪ್ಪೇನೂ ಅದರಲ್ಲಿರಲಿಲ್ಲ. "ಇವನಿಗೆ ನಿಂತ ಚೆಂಡೇ ಸಿಕ್ಕಿಲ್ಲ, ಎಸೆಯೋದು ಹೇಗೆ?" ಎಂದು ಅವರು ನಮ್ಮ ಕಡೆ ತಿರುಗಿ ಕೇಳಿದರು. ಮರುಕ್ಷಣವೇ, ಹತ್ತಿರದಲ್ಲಿ ಯಾವುದಾದರೂ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಅಂಕಣವಿದೆಯೇ ಎಂದು ವಿಚಾರಿಸಿದರು. ಪಂದ್ಯಗಳು ನೀರು ಹಾಯಿಸಿದ ಕೃತಕ ಹುಲ್ಲಿನ ಟರ್ಫ್ ಮೇಲೆ ನಡೆಯುತ್ತವೆ, ನಮ್ಮ ಅಭ್ಯಾಸವೆಲ್ಲ ಗರಸಿನ ನೆಲದ ಮೇಲೆ. 28 ಮೀಟರ್ ಉದ್ದದ ಆ ಸಿಮೆಂಟ್ ಅಂಕಣ ಟರ್ಫ್ ಆಗದಿದ್ದರೂ ಚೆಂಡು ಅಲ್ಲಿ ನೇರವಾಗಿ, ವೇಗವಾಗಿ ಉರುಳುತ್ತದೆ, ತಳ್ಳುವುದಕ್ಕೂ ನಿಲ್ಲಿಸುವುದಕ್ಕೂ ಅಷ್ಟು ಜಾಗ ಸಾಕು ಎಂಬುದು ಅವರ ಲೆಕ್ಕ. ಇಷ್ಟು ವರ್ಷ ಟರ್ಫ್ ಇಲ್ಲವೆಂದು ಕೊರಗುತ್ತಿದ್ದ ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ.

ಅಭ್ಯಾಸದ ಕೊನೆಯಲ್ಲಿ ಆಡಿಸಿದ ಪಂದ್ಯದಲ್ಲಿ ಕ್ವಾರ್ಟರ್‌ಗಳ ನಡುವಿನ ಎರಡು ನಿಮಿಷಗಳನ್ನು ಅಭ್ಯರ್ಥಿಗಳು ಹೇಗೆ ಬಳಸುತ್ತಾರೆಂಬುದನ್ನೂ ಗಮನಿಸಿದೆವು. ಒಬ್ಬರು ಬಹಳ ವಿದ್ವತ್ತಿನಿಂದ ಎರಡು ನಿಮಿಷವೂ ಹಿಂದಿಯಲ್ಲಿ ಮಾತನಾಡಿದರು. ಜಗಳೂರಿನ ಹುಡುಗರು ತಲೆಯಾಡಿಸಿದರು, ಅಂಕಣಕ್ಕೆ ಹೋಗಿ ಹಳೆಯದನ್ನೇ ಆಡಿದರು. ನಾವು ಕೊನೆಗೆ ಆಯ್ಕೆ ಮಾಡಿದ, ಸೇನೆಯಿಂದ ಬಂದವರು ಸೆಂಟರ್ ಹಾಫ್ ಹುಡುಗನನ್ನು, "ಬಲಗಡೆ ನಿನಗೇನು ಕಾಣ್ತಿದೆಯಪ್ಪಾ?" ಎಂದು ಕೇಳಿ, ಅವನ ಉತ್ತರದಿಂದಲೇ ಒಂದೇ ಒಂದು ಬದಲಾವಣೆ ಹೇಳಿ ಕಳಿಸಿದರು.

ಅವರ ಸಂದರ್ಶನ ಚಿಕ್ಕದಾಗಿಯೇ ಮುಗಿಯಿತು. ಎಷ್ಟು ತಿಂಗಳಲ್ಲಿ ಗೆಲ್ಲಿಸುತ್ತೀರಿ ಎಂದು ನಮ್ಮ ಅಧ್ಯಕ್ಷರು ಕೇಳಿದರು. "ಯಜಮಾನ್ರೇ, ಗೆಲುವಿಗೆ ತಾರೀಕು ಕೊಡೋದಕ್ಕೆ ಆಗಲ್ಲ. ಕೊನೇ ಕ್ವಾರ್ಟರ್‌ನಲ್ಲಿ ಗೋಲು ಬೀಳೋದು ಕಡಿಮೆ ಆಗ್ತಿದೆಯಾ ಅಂತ ನೀವು ಲೆಕ್ಕ ಇಡಿ, ನಾನೂ ಇಡ್ತೀನಿ" ಎಂದರು. ಅಧ್ಯಕ್ಷರಿಗೆ ಆ ಉತ್ತರ ಹಿಡಿಸಲಿಲ್ಲವೆಂದು ಮುಖದಲ್ಲಿ ಕಾಣುತ್ತಿತ್ತು. ನಾನು ಅದೇ ಉತ್ತರದ ಮೇಲೆ ಅವರ ಹೆಸರನ್ನು ಸೂಚಿಸಿದೆ, ಹಿರಿಯ ಆಟಗಾರರು ಅನುಮೋದಿಸಿದರು. ಕೊನೆಗೆ ಅಧ್ಯಕ್ಷರೇ ಎದ್ದು ಅವರಿಗೆ ಹಾರ ಹಾಕಿದ್ದು ಅವರ ದೊಡ್ಡತನ.

ಒಪ್ಪಂದ ಪತ್ರವನ್ನು ವಕೀಲರಿಂದ ಬರೆಸಿದೆವು. ಅವಧಿ ಎರಡು ಋತು. ಆಡುವ ಹನ್ನೊಂದು ಜನರ ಪಟ್ಟಿ, ಬದಲಿ ಆಟಗಾರರ ಸರದಿ, ಶಿಸ್ತುಕ್ರಮ ಇವು ಕೋಚ್ ಅವರ ಅಧಿಕಾರ. ಸಂಬಳ, ಹೊಸ ಆಟಗಾರರ ಸೇರ್ಪಡೆಯ ವೆಚ್ಚ, ಪ್ರಯಾಣ ಇವು ಸಮಿತಿಯ ಹೊಣೆ. ಪಂದ್ಯದ ಹಿಂದಿನ ದಿನ ಕಾರ್ಯದರ್ಶಿಯನ್ನು ಬಿಟ್ಟು ಸಮಿತಿಯ ಯಾರೂ ಕೋಚ್ ಅವರಿಗೆ ಫೋನ್ ಮಾಡತಕ್ಕದ್ದಲ್ಲ ಎಂಬ ಸಾಲನ್ನು ನಾನೇ ಸೇರಿಸಿದೆ, ಎಲ್ಲರಿಂದಲೂ ಅದಕ್ಕೆ ಸಹಿ ಮಾಡಿಸಿದೆ. ಋತುವಿನ ನಡುವೆ ನಡೆಯುವ ಪರಿಶೀಲನೆಯಲ್ಲಿ ಅಂಕಪಟ್ಟಿಯ ಸ್ಥಾನವನ್ನು ನೋಡದೆ, ಎದುರಾಳಿಯ ವೃತ್ತದೊಳಗೆ ಎಷ್ಟು ಸಲ ಪ್ರವೇಶಿಸಿದೆವು, ಪೆನಾಲ್ಟಿ ಕಾರ್ನರ್‌ಗಳಲ್ಲಿ ಎಷ್ಟು ಗೋಲಾದವು, ಕೊನೆಯ ಕ್ವಾರ್ಟರ್‌ನಲ್ಲಿ ಎಷ್ಟು ಬಿಟ್ಟುಕೊಟ್ಟೆವು ಎಂಬ ಮೂರನ್ನೇ ನೋಡುವುದೆಂದು ಬರೆದುಕೊಂಡೆವು. ವಿದ್ಯಾನಗರದಲ್ಲಿ ಅವರಿಗೊಂದು ಬಾಡಿಗೆ ಮನೆ, ಮಕ್ಕಳಿಗೆ ಶಾಲೆಯ ಸೀಟು ಇವನ್ನು ಅವರು ಸಾಮಾನು ತರುವ ಮೊದಲೇ ಮಾಡಿಟ್ಟೆವು; ಮನೆಯವರು ನೆಮ್ಮದಿಯಿಂದಿರದ ಊರಿನಲ್ಲಿ ಯಾವ ಕೋಚ್ ಕೂಡ ಹೆಚ್ಚು ದಿನ ನಿಲ್ಲುವುದಿಲ್ಲ.

ಪರಿಶೀಲನೆಯ ಹೊತ್ತಿಗೆ ತಂಡ ಅಂಕಪಟ್ಟಿಯಲ್ಲಿ ಇನ್ನೂ ಕೆಳಗಿನ ಅರ್ಧದಲ್ಲಿಯೇ ಇತ್ತು. ಆದರೂ ಕೊನೆಯ ಕ್ವಾರ್ಟರ್‌ನಲ್ಲಿ ಗೋಲು ಬೀಳುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿತ್ತು, ಕಾರ್ನರ್‌ಗಳಲ್ಲಿ ನಿಂತ ಚೆಂಡು ಸಿಗತೊಡಗಿತ್ತು. ದಾನಿಗಳಲ್ಲಿ ಒಂದಿಬ್ಬರು ಅಸಮಾಧಾನ ತೋರಿದಾಗ ಆ ಮೂರು ಲೆಕ್ಕಗಳನ್ನೇ ಅವರ ಮುಂದಿಟ್ಟೆವು, ಅವರು ಹಣ ಮುಂದುವರಿಸಿದರು. ಗೋಲ್‌ಕೀಪರ್‌ಗಳಿಗೆ ಪ್ರತ್ಯೇಕ ತರಬೇತುದಾರರು ಬೇಕೆಂದು ಕೋಚ್ ಈಗ ಕೇಳಿದ್ದಾರೆ. ಪೂರ್ಣಾವಧಿಗೆ ಸಂಬಳ ಕೊಡುವ ಶಕ್ತಿ ನಮಗಿಲ್ಲದ ಕಾರಣ, ತಿಂಗಳಿಗೊಂದು ವಾರ ಬಂದು ಹೋಗುವಂಥವರನ್ನು ಹುಡುಕುತ್ತಿದ್ದೇವೆ; ಆ ಅಭ್ಯರ್ಥಿಗಳನ್ನೂ ಮೊದಲು ಮೈದಾನಕ್ಕೇ ಕರೆಯುವುದೆಂದು, ಈ ಸಲ ಆಯ್ಕೆಯ ಕೊನೆಯ ಮಾತು ಕೋಚ್ ಅವರದೇ ಎಂದು ಸಮಿತಿ ತೀರ್ಮಾನಿಸಿದೆ.