ಕೊಡಗಿನಲ್ಲಿ ಹೋಂಸ್ಟೇ ನಡೆಸುವವರಿಗೆ, ಕಾಫಿಪುಡಿ ಮಾರುವವರಿಗೆ ಒಂದು ಸಲಹೆ

ಸುಮ್ನೆ ‘ರೂಮ್ ಖಾಲಿ ಇದೆ, ಕರೆ ಮಾಡಿ’ ಅಂತ ಸೋಶಿಯಲ್ ಮೀಡಿಯಾದಲ್ಲಿ ದಿನಾ ಹಾಕಿದರೆ ಯಾರೂ ನಿಂತು ನೋಡುವುದಿಲ್ಲ. ತೋಟವನ್ನೇ ತೋರಿಸಿ. ಹೂಮಳೆ ಬಿದ್ದ ಮೇಲೆ ಹೂಬಿಟ್ಟು ಬೆಳ್ಳಗಾದ ಕಾಫಿ ಗಿಡ, ಕಣದಲ್ಲಿ ಒಣಗುತ್ತಿರುವ ಹಣ್ಣು, ಏಣಿ ಹತ್ತಿ ಮೆಣಸು ಕೀಳುವುದು. ನಮಗೆ ದಿನದ ಕೆಲಸ, ಬೆಂಗಳೂರಿನವರಿಗೆ ಹೊಸದು ಅಲ್ವಾ?

ಹ್ಯಾಶ್‌ಟ್ಯಾಗ್‌ನಲ್ಲಿ ಕೊಡಗು, ಕೂರ್ಗ್ ಎರಡೂ ಇರಲಿ. ಇನ್‌ಸ್ಟಾಗ್ರಾಮ್ ಪೋಸ್ಟಿನ ಬರಹದೊಳಗಿನ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಪ್ರೊಫೈಲ್‌ನಲ್ಲಿ ಹಾಕಿ. ಎಕ್ಸ್‌ನ (ಹಿಂದಿನ ಟ್ವಿಟರ್) ಉಚಿತ ಖಾತೆಗೆ 280 ಅಕ್ಷರ ಮಾತ್ರ. ಅದರಲ್ಲೂ ಕನ್ನಡದ ಕೊಂಬು, ಒತ್ತು ಬೇರೆಯಾಗಿ ಎಣಿಕೆಯಾಗುತ್ತವೆ. ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ಮಾಯ, ‘ಇವತ್ತು ಹುರಿದ ಪುಡಿ’ಯಂಥ ಸುದ್ದಿಗೆ ಅದೇ ಸರಿ.

ಬೆಲೆ ಕೇಳಿದವರಿಗೆ ‘ಇನ್‌ಬಾಕ್ಸ್ ನೋಡಿ’ ಅನ್ನಬೇಡಿ, ನನಗಂತೂ ಅದು ಕಿರಿಕಿರಿ. ಅಲ್ಲೇ ಹೇಳಿಬಿಡಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ಪೋಸ್ಟ್‌ಗಳನ್ನು ಮೊದಲೇ ಶೆಡ್ಯೂಲ್ ಮಾಡಿಡಿ.