ಡೆಕ್‌ಗೆ ಪಟ್ಟಿ ಬೀಳದ ಹಾಗೆ ಸ್ಟೇನ್ ಹೊಡೆದಿದ್ದು: ನನ್ನ ಅನುಭವ

ನಮ್ಮ ಮನೆ ಇರುವುದು ಒಹಾಯೋದ ಕೊಲಂಬಸ್‌ನಲ್ಲಿ. ಹಿಂದುಗಡೆ 12 ಅಡಿ ಅಗಲ, 16 ಅಡಿ ಉದ್ದದ ಪೈನ್ ಮರದ ಡೆಕ್, ಅಂದರೆ ಹಲಗೆ ಜೋಡಿಸಿದ ತೆರೆದ ಜಗಲಿ, ಇದೆ. ಮೂರು ಕಡೆ ರೇಲಿಂಗ್. ಹುಳ ಹಿಡಿಯದ ಹಾಗೆ ಮರಕ್ಕೆ ಔಷಧಿ ಹಾಕಿರುತ್ತಾರೆ, ಆದರೆ ಬಿಸಿಲು ಮಳೆಗೆ ಅದು ಸಾಲದು. ಸ್ಟೇನ್ (ಮರದೊಳಗೆ ಇಳಿದು ಅದನ್ನು ಕಾಯುವ ಬಣ್ಣ) ಇಲ್ಲದೆ ಬಿಟ್ಟರೆ ಹಲಗೆ ಬೂದಿ ಬಣ್ಣಕ್ಕೆ ತಿರುಗಿ ಸೀಳು ಬಿಡುತ್ತದೆ.

ಮೊದಲ ಸಲ ಜುಲೈ ತಿಂಗಳ ಮಧ್ಯಾಹ್ನ ಹೊಡೆದೆ. ರೋಲರ್ ಹಿಡಿದು ಒಂದು ಮೂಲೆಯಿಂದ ಚೌಕ ಚೌಕವಾಗಿ ಬಂದೆ. ಕಾದ ಹಲಗೆಯ ಮೇಲೆ ಸ್ಟೇನ್ ಬಿದ್ದ ತಕ್ಷಣ ಆರುತ್ತಿತ್ತು. ಒಂದು ಚೌಕದ ಅಂಚು ಇನ್ನೊಂದರ ಮೇಲೆ ಹತ್ತಿದ ಕಡೆಯೆಲ್ಲ ಎರಡು ಪಟ್ಟು ಬಣ್ಣ ಕೂತು ಕಪ್ಪು ಪಟ್ಟಿ ಬಿತ್ತು. ರೇಲಿಂಗ್ ಕೊನೆಗೆ ಇಟ್ಟುಕೊಂಡಿದ್ದೆ. ಅದರಿಂದ ತೊಟ್ಟಿಕ್ಕಿದ ಹನಿ ಕೆಳಗೆ ಚುಕ್ಕೆ ಚುಕ್ಕೆಯಾಗಿ ಉಳಿಯಿತು. ಎರಡು ವರ್ಷ ಅದನ್ನೇ ನೋಡುತ್ತಾ ಬೇಸರಪಟ್ಟುಕೊಂಡೆ.

ಆಮೇಲೆ ಸಾಗರದಿಂದ ಅಮ್ಮ ಬಂದಳು. ಡೆಕ್ ಮೇಲೆ ಕೂತು ಕಾಫಿ ಕುಡಿಯುತ್ತಾ ಕೇಳಿದಳು: "ಅಂಗಳ ಸಾರಿಸಿದ್ದು ಮರೆತುಹೋಯ್ತಾ ನಿಂಗೆ? ಆರಿದ ಮೇಲೆ ಹಸಿ ಸೇರಿಸಿದ್ರೆ ಗೆರೆ ಕಾಣದೆ ಇರುತ್ತಾ?" ಸಗಣಿ ನೀರಿನಲ್ಲಿ ಅಂಗಳ ಸಾರಿಸುವಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಪಟ್ಟಾಗಿ ಎಳೆಯಬೇಕು, ನಡುವೆ ನಿಲ್ಲಿಸಬಾರದು, ಹಿಂದೆ ಹಿಂದೆ ಸರಿಯುತ್ತಾ ಬರಬೇಕು. ಚಿಕ್ಕವಳಿದ್ದಾಗ ನಾನೇ ಮಾಡಿದ ಕೆಲಸ. ಸ್ಟೇನ್‌ಗೂ ಅದೇ ಲೆಕ್ಕ: ಅಂಚು ಹಸಿ ಇರುವಾಗಲೇ ಮುಂದಿನದು ಬಂದು ಸೇರಬೇಕು.

ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಶುರು ಮಾಡಿದೆವು. ಹಳೆಯ ಸ್ಟೇನ್ ಮೇಲೆಯೇ ಹೊಡೆದರೆ ಪಟ್ಟಿ ಮುಚ್ಚುವುದಿಲ್ಲ, ಇನ್ನೂ ಎದ್ದು ಕಾಣುತ್ತದೆ. ಅದಕ್ಕೆ ಮೊದಲು ಹಳೆಯದನ್ನು ಕಿತ್ತು ತೆಗೆಯುವ ಸ್ಟ್ರಿಪ್ಪರ್ ಹಾಕಿ, ಗಟ್ಟಿ ಬ್ರಷ್‌ನಲ್ಲಿ ತಿಕ್ಕಿ ತೊಳೆದೆ. ಅದು ಕ್ಷಾರ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ತೊಳೆದ ಮೇಲೆ ಮರ ಕಪ್ಪಗಾಗಿದ್ದು ನೋಡಿ ಗಾಬರಿಯಾಯಿತು. ಆದರೆ ಆಕ್ಸಾಲಿಕ್ ಆಮ್ಲದ ಬ್ರೈಟ್ನರ್ ಹಾಕಿದ ಹತ್ತು ಹದಿನೈದು ನಿಮಿಷದಲ್ಲಿ ಹೊಸ ಹಲಗೆಯ ಹಾಗೆ ತಿಳಿ ಹಳದಿ ಬಣ್ಣ ಬಂತು. ಇದನ್ನು ಬಿಡಲೇಬೇಡಿ. ಉಳಿದ ಕ್ಷಾರ ಸಾಯುವುದು ಇದರಿಂದಲೇ. ಪ್ರೆಷರ್ ವಾಷರ್ ಜೋರಾಗಿ ಹತ್ತಿರ ಹಿಡಿದರೆ ಮರದ ಎಳೆ ಕಿತ್ತು ಬರುತ್ತದೆ, ನಾನು ತೋಟದ ಪೈಪಿನಲ್ಲೇ ತೊಳೆದೆ.

ಮೂರು ದಿನ ಆರಲು ಬಿಟ್ಟು ಹಲಗೆ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದೆ. ಒಂದೆರಡು ನಿಮಿಷದಲ್ಲಿ ಹೀರಿಕೊಂಡಿತು. ನೀರು ಮುತ್ತಿನ ಹಾಗೆ ಮೇಲೆಯೇ ನಿಂತರೆ ಸ್ಟೇನ್ ಕೂಡ ಇಳಿಯುವುದಿಲ್ಲ. ಆಮೇಲೆ 60 ನಂಬರಿನ ಉಪ್ಪುಕಾಗದದಲ್ಲಿ ಎಳೆ ಹೋದ ದಿಕ್ಕಿಗೇ ಉಜ್ಜಿದೆ. ನುಣುಪಾಗಲಿ ಅಂತ 120, 150ಕ್ಕೆ ಹೋಗಬಾರದು, ಮರದ ಬಾಯಿ ಮುಚ್ಚಿಹೋಗಿ ಸ್ಟೇನ್ ಕುಡಿಯುವುದು ಕಡಿಮೆಯಾಗುತ್ತದೆ. ಇನ್ನೊಂದು ಮಾತು: ಅಮೆರಿಕದಲ್ಲಿ 2003ರ ಕೊನೆಯವರೆಗೂ ಮನೆಗೆ ಬಳಸುವ ಮರಕ್ಕೆ ಆರ್ಸೆನಿಕ್ ಇರುವ ಔಷಧಿ ಹಾಕುತ್ತಿದ್ದರು. ಡೆಕ್ ಅಷ್ಟು ಹಳೆಯದಾದರೆ ಸುಮ್ನೆ ಉಜ್ಜಲು ಹೋಗಬೇಡಿ, ಆ ಪುಡಿ ವಿಷ. ನಮ್ಮದು 2011ರದ್ದು.

ತಂದಿದ್ದು ಎಣ್ಣೆ ಸ್ಟೇನ್, ಮರದ ಗೆರೆ ಕಾಣುವಂಥದ್ದು. ಒಂದೇ ಬಣ್ಣದ ಡಬ್ಬಿಗಳಲ್ಲೂ ಒಂದಕ್ಕೂ ಇನ್ನೊಂದಕ್ಕೂ ಸ್ವಲ್ಪ ವ್ಯತ್ಯಾಸ ಇರಬಹುದು. ಹಾಗಾಗಿ ಮೂರು ಗ್ಯಾಲನ್ ಅನ್ನೂ ಒಂದೇ ಬಕೆಟ್‌ಗೆ ಸುರಿದು ಕಲಸಿದೆ. ಬಣ್ಣ ತಳಕ್ಕೆ ಇಳಿಯುತ್ತದೆ, ಆಗಾಗ ಕೋಲಿನಲ್ಲಿ ತಿರುವುತ್ತಲೇ ಇರಬೇಕು.

ಈ ಸಲ ರೇಲಿಂಗ್ ಮೊದಲು. ಎಂಬತ್ತರ ಹತ್ತಿರ ಕಡ್ಡಿಗಳು, ಒಂದೊಂದಕ್ಕೂ ನಾಲ್ಕು ಮುಖ. ಒಂದೂವರೆ ದಿನ ಹಿಡಿಯಿತು. ಒಂದು ಕಡ್ಡಿ ಹಿಡಿದರೆ ಮೇಲಿಂದ ಕೆಳಗಿನ ತನಕ ನಾಲ್ಕೂ ಮುಖ ಮುಗಿಸಿಯೇ ಮುಂದಿನದು. ಅಗಲ ಬ್ರಷ್ ಸಂದಿಗೆ ಹೋಗುವುದಿಲ್ಲ, ಎರಡು ಇಂಚಿನದು ಸರಿ. ಕಡ್ಡಿ ಕೆಳಗಿನ ಪಟ್ಟಿಗೆ ಕೂರುವ ಜಾಗದಲ್ಲಿ ಸ್ಟೇನ್ ಕೆರೆಯ ಹಾಗೆ ನಿಲ್ಲುತ್ತದೆ. ಅಲ್ಲಿ ಒಣ ಬ್ರಷ್ ತುದಿಯಿಂದ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಅಂಟಂಟಾಗಿ ಹೊಳೆಯುತ್ತದೆ. ಹಲಗೆ ಕತ್ತರಿಸಿದ ತುದಿಗಳು ಮಾತ್ರ ಜಾಸ್ತಿ ಕುಡಿಯುತ್ತವೆ, ಅವಕ್ಕೆ ಎರಡು ಸಲ ಕೊಡಿ. ಕೆಳಗೆ ಹಳೆಯ ಬೆಡ್‌ಶೀಟ್ ಹಾಸಿದ್ದೆ, ಅದನ್ನೂ ದಾಟಿ ಬಿದ್ದ ಹನಿಯನ್ನು ಅಮ್ಮ ಬಟ್ಟೆ ಹಿಡಿದು ಆಗಿಂದಾಗಲೇ ಒರೆಸಿದಳು.

ನೆಲಕ್ಕೆ ಮೂರೇ ಗಂಟೆ. ಬೆಳಿಗ್ಗೆ, ಮನೆಯ ನೆರಳು ಡೆಕ್ ಮೇಲೆ ಇರುವಾಗ. ಒಂದು ಸಲಕ್ಕೆ ಎರಡೇ ಹಲಗೆ, 16 ಅಡಿಯೂ ಒಂದೇ ಓಟ. ನಡುವೆ ಫೋನ್ ಬಂದರೂ ಎತ್ತಲಿಲ್ಲ. ನಿಲ್ಲಿಸುವುದಾದರೆ ಹಲಗೆ ಮುಗಿದ ಸಂದಿಯಲ್ಲಿ, ಹಲಗೆಯ ನಡುವೆ ಯಾವತ್ತೂ ಅಲ್ಲ. ನಾನು ಹಚ್ಚುತ್ತಾ ಮೆಟ್ಟಿಲ ಕಡೆಗೆ ಸರಿದೆ. ಹದಿನೈದು ನಿಮಿಷಕ್ಕೂ ಹೀರದೆ ಒದ್ದೆಯಾಗಿ ನಿಂತದ್ದನ್ನು, ಮುಖ್ಯವಾಗಿ ಗಂಟುಗಳ ಸುತ್ತ, ಬಟ್ಟೆಯಲ್ಲಿ ಒರೆಸಿ ತೆಗೆದೆ. ಎರಡನೇ ಕೋಟ್ ಕೊಡಲಿಲ್ಲ. ಮರ ಕುಡಿದಷ್ಟೇ ಸಾಕು, ಮೇಲೆ ಉಳಿದದ್ದು ಸಿಪ್ಪೆ ಏಳುತ್ತದೆ.

ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ, ದಯವಿಟ್ಟು. ಎಣ್ಣೆ ಆರುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಹೆಚ್ಚುತ್ತಾ ಹೋಗಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನಾನು ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿ ಮುಚ್ಚಳ ಹಾಕಿಟ್ಟೆ.

ಎರಡು ದಿನ ಯಾರೂ ಕಾಲಿಡಲಿಲ್ಲ. ಮೂರನೇ ದಿನ ಅಮ್ಮ ಬರಿಗಾಲಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆದು, ಬಗ್ಗಿ ಹಲಗೆಗಳ ಮೇಲೆ ಅಂಗೈ ಆಡಿಸಿದಳು. "ಈಗ ಸಾರಿಸಿದ ಹಾಗಾಯ್ತು ನೋಡು" ಅಂದಳು.